ದುರಸ್ತಿ ತಡೆಯುವ ಮದ್ದು: ಮಿದುಳಿನ ಗಡ್ಡೆಗೆ ಎಷ್ಟು ಪ್ರಯೋಜನ?

ಗ್ಲಿಯೊಬ್ಲಾಸ್ಟೋಮ ಎಂಬ ಮಿದುಳಿನ ಗಡ್ಡೆಯ ಬಯಾಪ್ಸಿ ವರದಿಯಲ್ಲಿ ರೋಗದ ಹೆಸರಿನ ಕೆಳಗೆ ಇನ್ನೂ ಎರಡು ಮೂರು ಸಾಲುಗಳಿರುತ್ತವೆ. ಐಡಿಎಚ್ ಹೇಗಿದೆ, ಎಂಜಿಎಂಟಿ ಹೇಗಿದೆ, ಹೀಗೆ. ಮನೆಯವರ ಕಣ್ಣು ರೋಗದ ಹೆಸರಿನಲ್ಲೇ ನಿಂತುಬಿಡುತ್ತದೆ, ಅದು ಸಹಜ. ಆದರೆ ಔಷಧ ಎಷ್ಟು ಹಿಡಿದೀತು ಎಂಬ ಸುಳಿವು ಇರುವುದು ಕೆಳಗಿನ ಸಣ್ಣ ಸಾಲುಗಳಲ್ಲಿ. ಗಡ್ಡೆಯ ಜೀವಕೋಶ ತನ್ನ ಕೆಟ್ಟ ಡಿಎನ್ಎಯನ್ನು ಎಷ್ಟು ಚೆನ್ನಾಗಿ ದುರಸ್ತಿ ಮಾಡಿಕೊಳ್ಳಬಲ್ಲದು ಎಂಬುದನ್ನು ಅವು ಒಂದಲ್ಲ ಒಂದು ರೀತಿಯಲ್ಲಿ ಹೇಳುತ್ತಿರುತ್ತವೆ.

ಡಿಎನ್ಎ ಕೆಡಿಸಿ ಕೋಶವನ್ನು ಸಾಯಿಸುವುದು ರೇಡಿಯೇಶನ್ನಿನ ತಂತ್ರ, ಬಹುಪಾಲು ಕಿಮೋ ಔಷಧಗಳ ತಂತ್ರವೂ ಅದೇ. ಕೋಶ ಸುಮ್ಮನೆ ಸಾಯುವುದಿಲ್ಲ, ರಿಪೇರಿಗೆ ಇಳಿಯುತ್ತದೆ. ಹಾಗಾದರೆ ರಿಪೇರಿ ಮಾಡುವ ಕಿಣ್ವವನ್ನೇ ಕಟ್ಟಿಹಾಕಿದರೆ ಹೇಗೆ? ಕೇಳಲು ಇಷ್ಟು ಸರಳವಾದ ಈ ಪ್ರಶ್ನೆಯ ಹಿಂದೆ ಮೂವತ್ತೈದು ವರ್ಷಗಳ ಓಟವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲೇ.

ಇಲ್ಲಿ ಈ ಪ್ರಶ್ನೆಗೆ ಹಲವು ವಿಳಾಸಗಳಿವೆ. ಡೇರಿ ಸರ್ಕಲ್ ಬಳಿ ಬೆನ್ನಿಗೆ ಬೆನ್ನು ತಾಗಿಸಿಕೊಂಡಂತೆ ಇರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮತ್ತು ಮಿದುಳು-ನರರೋಗಗಳ ನಿಮ್ಹಾನ್ಸ್ ರೋಗಿಗಳ ಕಡೆಯ ವಿಳಾಸ. ಒಂದು 1973ರಲ್ಲಿ ಶುರುವಾದದ್ದು, ಇನ್ನೊಂದು 1974ರಲ್ಲಿ ಈ ಹೆಸರು ಪಡೆದದ್ದು. ಜಯನಗರ, ಬಿಟಿಎಂ, ಬನಶಂಕರಿಯವರಿಗೆ ಇವು ದಿನಾ ಬಸ್ಸಿನಲ್ಲಿ ಕಾಣುವ ಕಾಂಪೌಂಡುಗಳು. ತಲೆಯ ಆಪರೇಷನ್ ಒಂದು ಕಡೆ, ರೇಡಿಯೇಶನ್ ಮತ್ತೊಂದು ಕಡೆ ಎಂದು ಫೈಲು ಹಿಡಿದು ಓಡಾಡಿದ ಮನೆಗಳು ಈ ಭಾಗದಲ್ಲಿ ಕಡಿಮೆಯೇನಿಲ್ಲ. ಪ್ರಯೋಗಾಲಯದ ಕಡೆಯ ವಿಳಾಸಗಳು ಯಶವಂತಪುರದತ್ತ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಜಾಜಿನಗರದ ಕೆಎಲ್ಇ ಫಾರ್ಮಸಿ ಕಾಲೇಜಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಐಬಿಎಬಿ ಎಂಬ ಜೈವಿಕ ತಂತ್ರಜ್ಞಾನ ಸಂಸ್ಥೆಯಲ್ಲಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದುರಸ್ತಿಯನ್ನು ತಡೆಯುವ ಅಣು ಸಿಗುವುದು ಅಷ್ಟು ಕಷ್ಟವಲ್ಲ, ಈಗಾಗಲೇ ಹತ್ತಾರು ಸಿಕ್ಕಿವೆ. ಗಡ್ಡೆಯಲ್ಲಿ ಮಾತ್ರ ತಡೆಯಬೇಕು, ಉಳಿದ ಮೈಯಲ್ಲಿ ತಡೆಯಬಾರದು ಎಂಬಲ್ಲಿಗೆ ಬಂದಾಗ ಎಲ್ಲರೂ ಮುಗ್ಗರಿಸಿದ್ದಾರೆ.

ಮಾತ್ರೆ ಬಂದ ಬಗೆ

ಇಂದು ಗ್ಲಿಯೊಬ್ಲಾಸ್ಟೋಮಕ್ಕೆ ಕೊಡುವ ಮುಖ್ಯ ಕಿಮೋ ಟೆಮೊಜೊಲೊಮೈಡ್. ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಮ್ ಸ್ಟೀವನ್ಸ್ ತಂಡ 1980ರ ದಶಕದಲ್ಲಿ ರೂಪಿಸಿದ ಅಣು ಇದು. ಮಿದುಳಿಗೆ ನುಸುಳಬಲ್ಲ ಗಾತ್ರ, ಬಾಯಿಯಿಂದ ನುಂಗಬಹುದಾದ ಅನುಕೂಲ, ರಕ್ತದ ಕ್ಷಾರಗುಣಕ್ಕೆ ತಾನಾಗಿ ಒಡೆದು ಕೆಲಸ ಶುರುಮಾಡುವ ಸ್ವಭಾವ ಇವೆಲ್ಲ ಅದಕ್ಕಿದ್ದವು. 2005ರಲ್ಲಿ ರೋಜರ್ ಸ್ಟುಪ್ ನೇತೃತ್ವದ ಯುರೋಪ್ ಮತ್ತು ಕೆನಡಾದ ಪ್ರಯೋಗ ಇದರ ಸ್ಥಾನ ಗಟ್ಟಿ ಮಾಡಿತು. 573 ರೋಗಿಗಳಲ್ಲಿ ಅರ್ಧ ಜನಕ್ಕೆ ಬರೀ ರೇಡಿಯೇಶನ್, ಇನ್ನರ್ಧಕ್ಕೆ ಅದರ ಜೊತೆ ಈ ಮಾತ್ರೆ. ಬರೀ ರೇಡಿಯೇಶನ್ ಪಡೆದವರಲ್ಲಿ ಅರ್ಧದಷ್ಟು ಮಂದಿ 12.1 ತಿಂಗಳು ದಾಟಿದರು, ಮಾತ್ರೆ ಸೇರಿಸಿದವರಲ್ಲಿ 14.6 ತಿಂಗಳು. ಎರಡು ವರ್ಷ ದಾಟಿದವರು ನೂರಕ್ಕೆ 10.4 ಇದ್ದದ್ದು 26.5ಕ್ಕೆ ಏರಿತು. ಎರಡೂವರೆ ತಿಂಗಳೇ ಎಂದು ಮೂಗು ಮುರಿಯುವವರು ಈ ಎರಡನೇ ಅಂಕಿಯನ್ನು ನೋಡಬೇಕು.

ಚಿಕಿತ್ಸೆಯ ದಿನಚರಿ ಹೀಗಿದೆ. ರೋಗಿಯ ಮುಖದ ಅಚ್ಚಿಗೆ ಸರಿಯಾಗಿ ಪ್ಲಾಸ್ಟಿಕ್ಕಿನ ಜಾಲರಿ ಮುಖವಾಡ ಮಾಡಿಸುತ್ತಾರೆ, ತಲೆ ಅಲುಗಬಾರದು ಎಂದು ಅದನ್ನು ಮೇಜಿಗೆ ಬಿಗಿಯುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಸಲ, ಒಟ್ಟು 30 ಸಲ, 60 ಗ್ರೇ ರೇಡಿಯೇಶನ್. ಶನಿವಾರ ಭಾನುವಾರ ಯಂತ್ರಕ್ಕೆ ರಜೆ, ಮಾತ್ರೆಗೆ ರಜೆ ಇಲ್ಲ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 75 ಮಿಲಿಗ್ರಾಂ ಲೆಕ್ಕದಲ್ಲಿ ಖಾಲಿ ಹೊಟ್ಟೆಗೆ ನುಂಗಬೇಕು. ಅದಕ್ಕೂ ಮೊದಲು ವಾಂತಿ ತಡೆಯುವ ಮಾತ್ರೆ. ಕ್ಯಾಪ್ಸೂಲ್ ಬಿಡಿಸಿ ನೀರಿಗೆ ಬೆರೆಸುವ ಹಾಗಿಲ್ಲ. ವಾರವಾರ ರಕ್ತ ಪರೀಕ್ಷೆ, ಪ್ಲೇಟ್‌ಲೆಟ್ ಇಳಿದರೆ ಮಾತ್ರೆ ನಿಲ್ಲುತ್ತದೆ. ಆರು ವಾರ ಮುಗಿದ ಮೇಲೆ ತಿಂಗಳ ಬಿಡುವು, ನಂತರ 28 ದಿನಕ್ಕೆ ಐದು ದಿನದಂತೆ ದೊಡ್ಡ ಡೋಸಿನ ಆರು ಸುತ್ತು. ಈ ಪ್ಲೇಟ್‌ಲೆಟ್ ವಿಚಾರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಕೆಲವು ಮುಖ್ಯ ಕತೆಗಳು ಅಲ್ಲಿಗೇ ಬಂದು ಎಡವುತ್ತವೆ.

ಮಾತ್ರೆ ಮಾಡುವ ಕೆಲಸ ಇಷ್ಟೆ: ಡಿಎನ್ಎಯ ಅಕ್ಷರಗಳಿಗೆ ಒಂದು ಪುಟ್ಟ ಮೀಥೈಲ್ ಗುಂಪನ್ನು ಅಂಟಿಸುವುದು. ಬಹುಪಾಲು ಅಂಟುಗಳನ್ನು ಕೋಶ ಸಲೀಸಾಗಿ ಕಿತ್ತುಹಾಕುತ್ತದೆ. ಗ್ವಾನಿನ್ ಅಕ್ಷರದ ಆರನೇ ಆಮ್ಲಜನಕದ ಮೇಲೆ ಕೂರುವ ಅಂಟು ಒಟ್ಟು ಅಂಟುಗಳಲ್ಲಿ ನೂರಕ್ಕೆ ಹತ್ತರ ಒಳಗೇ, ಕೊಲ್ಲುವುದು ಮಾತ್ರ ಅದೇ. ಎಂಜಿಎಂಟಿ ಎಂಬ ಪ್ರೋಟೀನು ಅದನ್ನೂ ಕೀಳಬಲ್ಲದು. ವಿಚಿತ್ರವೆಂದರೆ, ಒಂದು ಅಂಟು ಕಿತ್ತ ಕೂಡಲೇ ಆ ಪ್ರೋಟೀನಿನ ಆಯಸ್ಸು ಮುಗಿಯುತ್ತದೆ, ಇನ್ನೊಂದು ಅಂಟಿಗೆ ಹೊಸದೇ ಬೇಕು. ಕೋಶದಲ್ಲಿ ಎಂಜಿಎಂಟಿ ಹೆಚ್ಚು ತಯಾರಾಗುತ್ತಿದ್ದರೆ ಮಾತ್ರೆ ಸೋಲುತ್ತದೆ, ತಯಾರಿಕೆ ನಿಂತಿದ್ದರೆ ಗೆಲ್ಲುತ್ತದೆ.

ಸ್ಟುಪ್ ಪ್ರಯೋಗದ ರೋಗಿಗಳಲ್ಲಿ 206 ಮಂದಿಯ ಗಡ್ಡೆಯನ್ನು ಮೋನಿಕಾ ಹೆಗಿ ಪರೀಕ್ಷಿಸಿ ಇದನ್ನು ಅದೇ ವರ್ಷ ತೋರಿಸಿಕೊಟ್ಟರು. ನೂರಕ್ಕೆ 45 ಜನರಲ್ಲಿ ಎಂಜಿಎಂಟಿ ಜೀನಿನ ಸ್ವಿಚ್ಚು ಆರಿಹೋಗಿತ್ತು. ಅಂಥವರಿಗೆ ಮಾತ್ರೆ ಸೇರಿಸಿದಾಗ ಅರ್ಧದಷ್ಟು ಮಂದಿ ದಾಟಿದ ಅವಧಿ 15.3 ತಿಂಗಳಿಂದ 21.7ಕ್ಕೆ ಏರಿತು. ಸ್ವಿಚ್ಚು ಆರದವರಲ್ಲಿ 11.8 ಇದ್ದದ್ದು 12.7. ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತದೆ: ಆ ಸ್ವಿಚ್ಚನ್ನು ಆರಿಸುವುದೂ ಮೀಥೈಲ್ ಗುಂಪುಗಳೇ. ಹಾಗಾಗಿ ವರದಿಯಲ್ಲಿ ‘ಮಿಥೈಲೇಟೆಡ್’ ಎಂದಿದ್ದರೆ ಅದು ಒಳ್ಳೆಯ ಸುದ್ದಿ. ಆ ಪದ ನೋಡಿ ಗಾಬರಿಯಾದವರೂ ಇದ್ದಾರೆ.

ಮೊದಲ ಪಂಥ: ಎಂಜಿಎಂಟಿಯನ್ನು ಮುಗಿಸಿಬಿಡಿ

ಇದಿಷ್ಟು ಗೊತ್ತಾಗುವುದಕ್ಕೆ ಎಷ್ಟೋ ಮೊದಲೇ, 1990ರಲ್ಲಿ, ಐಲೀನ್ ಡೋಲನ್, ರಾಬರ್ಟ್ ಮೋಷೆಲ್, ಆಂಥನಿ ಪೆಗ್ ಎಂಬ ವಿಜ್ಞಾನಿಗಳು ಬೆಂಜೈಲ್‌ಗ್ವಾನಿನ್ ಎಂಬ ಸುಳ್ಳು ಬೇಟೆಯನ್ನು ತಯಾರಿಸಿದ್ದರು. ಎಂಜಿಎಂಟಿ ಅದನ್ನೇ ನಿಜವಾದ ಅಂಟು ಎಂದು ತಿಳಿದು ಅದರ ಮೇಲೆ ಎರಗಿ ತನ್ನ ಆಯಸ್ಸು ಕಳೆದುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಇದು ಚೊಕ್ಕವಾಗಿ ನಡೆಯಿತು. ಮನುಷ್ಯರಲ್ಲೂ ಗಡ್ಡೆಯ ಎಂಜಿಎಂಟಿ ಬರಿದಾಯಿತು. ಆದರೆ ಪ್ಲೇಟ್‌ಲೆಟ್ ತಯಾರಿಸುವ ಅಸ್ಥಿಮಜ್ಜೆಯ ಕೋಶಗಳೂ ಇದೇ ಪ್ರೋಟೀನನ್ನು ನಂಬಿಕೊಂಡಿವೆ, ಅದೂ ಅವುಗಳಲ್ಲಿ ಇರುವುದೇ ತೀರಾ ಕಡಿಮೆ. ಟೆಮೊಜೊಲೊಮೈಡ್ ಫಲಿಸದ ರೋಗಿಗಳಿಗೆ ಎರಡನ್ನೂ ಸೇರಿಸಿ ಕೊಟ್ಟ ಪ್ರಯೋಗದ ವರದಿ 2009ರಲ್ಲಿ ಬಂತು. ಗ್ಲಿಯೊಬ್ಲಾಸ್ಟೋಮದಲ್ಲಿ ಗಡ್ಡೆ ಕುಗ್ಗಿದ್ದು ನೂರಕ್ಕೆ 3 ಮಂದಿಯಲ್ಲಿ. ರಕ್ತಕಣಗಳು ತೀವ್ರವಾಗಿ ಕುಸಿದದ್ದು ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ.

ಇದಕ್ಕೆ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದವರು ಹುಡುಕಿದ ಪರಿಹಾರ ಬಹಳ ಜಾಣತನದ್ದು. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಬೆಂಜೈಲ್‌ಗ್ವಾನಿನ್ನಿಗೆ ಮೋಸಹೋಗದಂಥ ಬದಲಾದ ಎಂಜಿಎಂಟಿ ಜೀನನ್ನು ಅವಕ್ಕೆ ಸೇರಿಸಿ, ಮತ್ತೆ ಮೈಗೆ ಬಿಡುವುದು. ಆಮೇಲೆ ಔಷಧ ಕೊಟ್ಟರೆ ಗಡ್ಡೆ ಮಾತ್ರ ನಿರಾಯುಧವಾಗುತ್ತದೆ. 2014ರಲ್ಲಿ ಏಳು ರೋಗಿಗಳ ಫಲಿತಾಂಶ ಪ್ರಕಟವಾಯಿತು, ತತ್ತ್ವ ಸರಿಯೆಂದು ಸಾಬೀತಾಯಿತು. ಆದರೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಜೀನ್ ಚಿಕಿತ್ಸೆ ಮಾಡುವುದು ಯಾವ ದೇಶದ ಆಸ್ಪತ್ರೆಗೂ ದಿನದ ಕೆಲಸವಾಗಲಾರದು.

ಇನ್ನೊಂದು ಯೋಚನೆ ಹೆಚ್ಚು ಸೀದಾ: ಮಾತ್ರೆಯನ್ನೇ ಹೆಚ್ಚು ದಿನ ಕೊಟ್ಟು ಎಂಜಿಎಂಟಿಯನ್ನು ದಣಿಸುವುದು. 833 ರೋಗಿಗಳ ಮೇಲೆ ನಡೆದ ಅಮೆರಿಕ ನೇತೃತ್ವದ ಪ್ರಯೋಗ 2013ರಲ್ಲಿ ಅದಕ್ಕೂ ಪ್ರಯೋಜನವಿಲ್ಲ ಎಂದಿತು.

ಎರಡನೇ ಪಂಥ: ಪಾರ್ಪ್

2005 ಈ ಕ್ಷೇತ್ರದ ಸುಗ್ಗಿಯ ವರ್ಷ. ಆ ವರ್ಷವೇ ‘ನೇಚರ್’ ಪತ್ರಿಕೆಯಲ್ಲಿ ಪಾರ್ಪ್ ಕಿಣ್ವದ ಬಗ್ಗೆ ಎರಡು ಲೇಖನಗಳು ಒಟ್ಟಿಗೆ ಬಂದವು. ಪಾರ್ಪ್ ಡಿಎನ್ಎಯ ಒಂದು ಎಳೆಯ ಬಿರುಕುಗಳನ್ನು ಗುರುತಿಸಿ ದುರಸ್ತಿಯವರನ್ನು ಕರೆಸುವ ಕಿಣ್ವ. ಬಿಆರ್‌ಸಿಎ ಎಂಬ, ದುರಸ್ತಿಯ ಇನ್ನೊಂದು ದಾರಿ ನೋಡಿಕೊಳ್ಳುವ ಜೀನು ಕೆಟ್ಟಿರುವ ಕ್ಯಾನ್ಸರ್ ಕೋಶದಲ್ಲಿ ಪಾರ್ಪ್ ತಡೆದರೆ ಕೋಶ ತಾನಾಗಿ ಸಾಯುತ್ತದೆ, ಕಿಮೋ ಕೂಡ ಬೇಕಿಲ್ಲ. ಬನಶಂಕರಿಯಿಂದ ಬಿಟಿಎಂಗೆ ರಿಂಗ್ ರೋಡ್ ಮುಚ್ಚಿದ್ದರೂ ಒಳರಸ್ತೆಯಲ್ಲಿ ಹೋಗಬಹುದು; ಒಳರಸ್ತೆ ಮೊದಲೇ ಅಗೆದುಹಾಕಿದ್ದರೆ ರಿಂಗ್ ರೋಡ್ ಮುಚ್ಚಿದ ದಿನ ಊರೇ ನಿಂತುಬಿಡುತ್ತದೆ. ಕ್ಯಾನ್ಸರ್ ಕೋಶದಲ್ಲಿ ಒಳರಸ್ತೆ ಕೆಟ್ಟಿದೆ, ಮೈಯ ಉಳಿದ ಕೋಶಗಳಲ್ಲಿ ಚೆನ್ನಾಗಿದೆ. ಈ ತರ್ಕದ ಮೇಲೆ ಒಲಾಪರಿಬ್ ಎಂಬ ಪಾರ್ಪ್ ತಡೆ 2014ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ಗ್ಲಿಯೊಬ್ಲಾಸ್ಟೋಮದಲ್ಲಿ ಬಿಆರ್‌ಸಿಎ ದೋಷ ಅಪರೂಪ. ಆದ್ದರಿಂದ ಮಿದುಳಿನವರ ಆಸೆ ಬೇರೆ ಇತ್ತು. ಟೆಮೊಜೊಲೊಮೈಡ್ ಅಂಟಿಸುವ ಬಹುಪಾಲು ಮೀಥೈಲುಗಳನ್ನು ಕೀಳುವ ಕೆಲಸದಲ್ಲಿ ಪಾರ್ಪ್‌ಗೂ ಪಾಲಿದೆ. ಅದನ್ನು ತಡೆದರೆ ವ್ಯರ್ಥವಾಗುತ್ತಿದ್ದ ಆ ನೂರಕ್ಕೆ ತೊಂಬತ್ತು ಅಂಟುಗಳೂ ಮಾರಕವಾಗಬಹುದು, ಎಂಜಿಎಂಟಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇಲಿಗಳಲ್ಲಿ ಫಲಿತಾಂಶ ಚೆನ್ನಾಗಿತ್ತು.

ಮನುಷ್ಯರಲ್ಲಿ? ವೆಲಿಪರಿಬ್ ಎಂಬ ಪಾರ್ಪ್ ತಡೆಯನ್ನು ಎಂಜಿಎಂಟಿ ಸ್ವಿಚ್ಚು ಆರದ 125 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದರು, ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ವಿಚ್ಚು ಆರಿದ 447 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗ 2024ರಲ್ಲಿ ಪ್ರಕಟವಾಯಿತು: ಟೆಮೊಜೊಲೊಮೈಡ್ ಒಂದರಿಂದ 24.8 ತಿಂಗಳು, ವೆಲಿಪರಿಬ್ ಸೇರಿಸಿದಾಗ 28.1. ಅಂತರ ಇದ್ದಂತೆ ಕಂಡರೂ ಆಕಸ್ಮಿಕವಲ್ಲ ಎನ್ನುವಷ್ಟು ಗಟ್ಟಿಯಾಗಿರಲಿಲ್ಲ. ಪಾರ್ಪ್ ಪಂಥದವರು ಇದಕ್ಕೆ ಕೊಡುವ ಸಮಜಾಯಿಷಿ ತಳ್ಳಿಹಾಕುವಂಥದ್ದಲ್ಲ. ಪಾರ್ಪ್ ತಡೆಗಳಲ್ಲಿ ಎರಡು ಗುಣಗಳಿವೆ, ಕಿಣ್ವದ ಕೆಲಸ ನಿಲ್ಲಿಸುವುದು ಒಂದು, ಕಿಣ್ವವನ್ನು ಡಿಎನ್ಎ ಮೇಲೇ ಸಿಕ್ಕಿಹಾಕಿಸುವುದು ಇನ್ನೊಂದು. ವೆಲಿಪರಿಬ್ ಎರಡನೆಯದರಲ್ಲಿ ದುರ್ಬಲ. ಆದರೆ ಎರಡರಲ್ಲೂ ಬಲವಾದ ಅಣುಗಳನ್ನು ಟೆಮೊಜೊಲೊಮೈಡ್ ಜೊತೆ ಕೊಟ್ಟರೆ ಮತ್ತೆ ಅದೇ ಅಸ್ಥಿಮಜ್ಜೆಯ ಕತೆ.

ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಅಚ್ಚರಿಯ ಸಂಗತಿ ಹೊರಬಿತ್ತು. ಒಲಾಪರಿಬ್ ಆರೋಗ್ಯವಂತ ಮಿದುಳಿನ ರಕ್ತತಡೆಯನ್ನು, ಅಂದರೆ ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಸುಳದಂತೆ ಕಾಯುವ ಗೋಡೆಯನ್ನು, ದಾಟುವುದಿಲ್ಲ ಎಂದು ಪ್ರಾಣಿಗಳಲ್ಲಿ ಗೊತ್ತಾಗಿತ್ತು. ಆದರೆ ಗಡ್ಡೆ ಮರುಕಳಿಸಿದ ರೋಗಿಗಳಿಗೆ ಆಪರೇಷನ್ನಿಗೆ ಮುಂಚೆ ಕೊಟ್ಟು ನೋಡಿದಾಗ ಗಡ್ಡೆಯ ನಡುಭಾಗದಲ್ಲೂ ಅಂಚಿನಲ್ಲೂ ಎಲ್ಲ ತುಣುಕುಗಳಲ್ಲಿ ಔಷಧ ಇತ್ತು. 2020ರಲ್ಲಿ ಇದು ವರದಿಯಾಯಿತು. ಈಗ ಪಾಳಿ ಇನ್ನೊಂದು ಪಾರ್ಪ್ ತಡೆಯಾದ ನಿರಾಪರಿಬ್‌ದು. ಸ್ವಿಚ್ಚು ಆರದ ಹೊಸ ರೋಗಿಗಳಿಗೆ ಟೆಮೊಜೊಲೊಮೈಡ್ ಬದಲು ಅದನ್ನೇ ಕೊಡುವ ಮೂರನೇ ಹಂತದ ಪ್ರಯೋಗ 2024ರಲ್ಲಿ ಶುರುವಾಗಿದೆ. ಜೊತೆಗೆ ಕೊಡುವ ಹಟ ಬಿಟ್ಟು ಬದಲಿಗೆ ಕೊಡುವ ಈ ನಡೆ ನನಗೆ ವಿವೇಕದ್ದಾಗಿ ಕಾಣುತ್ತದೆ.

ಮೂರನೇ ಪಂಥ: ಎರಡೂ ಎಳೆ ತುಂಡಾದಲ್ಲಿ, ಮತ್ತು ಬೆಂಗಳೂರಿನ ಎಸ್‌ಸಿಆರ್7

ರೇಡಿಯೇಶನ್ ಡಿಎನ್ಎಯ ಎರಡೂ ಎಳೆಗಳನ್ನು ಒಟ್ಟಿಗೆ ಕತ್ತರಿಸುತ್ತದೆ. ಅದನ್ನು ಜೋಡಿಸಲು ಕೋಶಕ್ಕೆ ಎರಡು ವಿಧಾನಗಳಿವೆ. ಪಕ್ಕದಲ್ಲೇ ಇರುವ ಸರಿಯಾದ ಪ್ರತಿಯನ್ನು ನೋಡಿಕೊಂಡು ತಪ್ಪಿಲ್ಲದೆ ಬರೆಯುವುದು ಒಂದು. ಕೋಶ ಇಬ್ಭಾಗವಾಗುವ ಹೊತ್ತಿನಲ್ಲಷ್ಟೇ ಆ ಪ್ರತಿ ಸಿಗುತ್ತದೆ. ತುಂಡಾದ ತುದಿಗಳನ್ನು ಹೇಗಿವೆಯೋ ಹಾಗೇ ಹಿಡಿದು ಬೆಸೆಯುವುದು ಇನ್ನೊಂದು. ಇದನ್ನು ವಿಜ್ಞಾನಿಗಳು ಎನ್‌ಎಚ್‌ಇಜೆ ಎನ್ನುತ್ತಾರೆ. ಈ ಎರಡನೇ ವಿಧಾನದ ಕೊನೆಯ ಬೆಸುಗೆ ಹಾಕುವುದು ಲೈಗೇಸ್-4 ಎಂಬ ಕಿಣ್ವ.

ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಸತೀಶ್ ರಾಘವನ್ ಅವರ ತಂಡ ಈ ಬೆಸುಗೆಗೇ ಕೈ ಹಾಕಿತು. ಆರಂಭದ ಎಳೆ ಅಮೆರಿಕದಿಂದ ಬಂದದ್ದು. ಅಲನ್ ಟಾಮ್ಕಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಎಲ್189 ಎಂಬ ಅಣು ಮೂರೂ ಬಗೆಯ ಲೈಗೇಸ್‌ಗಳನ್ನು ತಡೆಯುತ್ತದೆ ಎಂದು ತೋರಿಸಿದ್ದರು. ಬೆಂಗಳೂರಿನವರು ಅದರ ಅಚ್ಚನ್ನು ಇಟ್ಟುಕೊಂಡು ಹೊಸ ಅಣುಗಳನ್ನು ಮಾಡಿ ಪರೀಕ್ಷಿಸಿದರು. ಅವುಗಳಲ್ಲಿ ಏಳನೆಯ ಸಂಖ್ಯೆಯದು ಲೈಗೇಸ್-4ನ್ನು ತಡೆಯಿತು. ಅದಕ್ಕೆ ಎಸ್‌ಸಿಆರ್7 ಎಂದು ಹೆಸರಾಯಿತು. ಐಬಿಎಬಿಯ ಬಿಭಾ ಚೌಧರಿ, ಕೆಎಲ್ಇಯ ಸುಭಾಸ್ ಕರ್ಕಿ ಜೊತೆಗಿದ್ದರು. 2012ರ ಡಿಸೆಂಬರಿನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಲೇಖನ ಬಂತು: ಅಣು ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ, ಇಲಿಗಳಲ್ಲಿ ಗಡ್ಡೆ ಬೆಳೆಯುವುದನ್ನು ತಡೆಯುತ್ತದೆ, ರೇಡಿಯೇಶನ್‌ನಂಥ ಚಿಕಿತ್ಸೆಯ ಜೊತೆ ಕೊಟ್ಟರೆ ಅದರ ಬಲ ಹೆಚ್ಚಿಸುತ್ತದೆ. ಮರುವರ್ಷ ರಾಘವನ್ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು.

ಆಮೇಲೆ ನಡೆದದ್ದನ್ನು ಯಾರೂ ಊಹಿಸಿರಲಿಲ್ಲ. ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರ ಆಗಷ್ಟೇ ಬಂದಿತ್ತು. ಕತ್ತರಿಸಿದ ಜಾಗವನ್ನು ಕೋಶ ಹೇಗೋ ಬೆಸೆದುಬಿಟ್ಟರೆ ತಿದ್ದುಪಡಿ ಕೂರುವುದಿಲ್ಲ; ಬೆಸುಗೆ ತಡೆದರೆ ನೋಡಿ ಬರೆಯುವ ವಿಧಾನಕ್ಕೆ ಅವಕಾಶ. 2015ರಲ್ಲಿ ಅಮೆರಿಕ ಮತ್ತು ಜರ್ಮನಿಯ ಎರಡು ತಂಡಗಳು ಎಸ್‌ಸಿಆರ್7 ಬಳಸಿ ತಿದ್ದುಪಡಿಯ ಯಶಸ್ಸು ಬಹಳ ಏರಿತು ಎಂದವು, ಒಂದರಲ್ಲಿ 19 ಪಟ್ಟಿನವರೆಗೆ. ಕ್ಯಾನ್ಸರಿಗೆಂದು ಹುಟ್ಟಿದ ಬೆಂಗಳೂರಿನ ಅಣು ಜೀನ್ ತಿದ್ದುವವರ ಕಪಾಟಿನ ಸೀಸೆಯಾಯಿತು. ರಾಸಾಯನಿಕ ಮಾರುವ ಕಂಪನಿಗಳು ಅದನ್ನು ಮಾರತೊಡಗಿದವು.

ಆದರೆ ಸೀಸೆಯೊಳಗೆ ಇದ್ದದ್ದು ಯಾವುದು? 2016ರಲ್ಲಿ ಟಾಮ್ಕಿನ್ಸನ್ ತಂಡ, ಶೀರ್ಷಿಕೆಯಲ್ಲೇ ಮುಚ್ಚುಮರೆಯಿಲ್ಲದೆ, ಎಸ್‌ಸಿಆರ್7 ಲೈಗೇಸ್-4ನ್ನು ಬಲವಾಗಿಯೂ ತಡೆಯುವುದಿಲ್ಲ, ಅದನ್ನಷ್ಟೇ ಆರಿಸಿಯೂ ತಡೆಯುವುದಿಲ್ಲ ಎಂದು ಬರೆಯಿತು. ಮೊದಲು ಪ್ರಕಟವಾದ ರಚನೆಗೂ ಮಾರುಕಟ್ಟೆಯ ಪುಡಿಗೂ ತಾಳೆಯಿಲ್ಲ, ಉಳಿದ ಎರಡು ಲೈಗೇಸ್‌ಗಳ ಮೇಲೇ ಅದರ ಪರಿಣಾಮ ಹೆಚ್ಚು ಎಂಬುದು ಅವರ ತಕರಾರು. ಆ ಲೇಖಕರ ಪಟ್ಟಿಯಲ್ಲಿ ಮೈಕೆಲ್ ಲೀಬರ್ ಹೆಸರೂ ಇತ್ತು. ರಾಘವನ್ ಅಮೆರಿಕದಲ್ಲಿ ಸಂಶೋಧನೆ ಮಾಡಿದ್ದು ಇದೇ ಲೀಬರ್ ಅವರ ಪ್ರಯೋಗಾಲಯದಲ್ಲಿ. ಗುರುವೇ ಶಿಷ್ಯನ ಎದುರು ನಿಂತ ಎಂದು ಇದಕ್ಕೆ ಬಣ್ಣ ಹಚ್ಚಬಹುದು, ಆದರೆ ವಿಜ್ಞಾನದಲ್ಲಿ ಇದು ಮರ್ಯಾದೆಯ ವ್ಯವಹಾರವೇ.

ಬೆಂಗಳೂರಿನ ಉತ್ತರ 2018ರಲ್ಲಿ ಬಂತು. ಮೂಲ ಅಣು ಸುಮ್ಮನೆ ಕೂರುವುದಿಲ್ಲ, ತಾನಾಗಿ ಸುತ್ತಿಕೊಂಡು ಉಂಗುರವಾಗುತ್ತದೆ, ಆಮೇಲೆ ಗಾಳಿಯ ಆಮ್ಲಜನಕಕ್ಕೆ ಎರಡು ಹೈಡ್ರೋಜನ್ ಬಿಟ್ಟುಕೊಡುತ್ತದೆ. 334ರಷ್ಟಿದ್ದ ಅಣುತೂಕ 332ಕ್ಕೆ ಇಳಿಯುತ್ತದೆ. ಹೀಗೆ ಮೂರು ರೂಪಗಳನ್ನು ಬೇರ್ಪಡಿಸಿ ನೋಡಿದ ತಂಡ, ಸುತ್ತಿಕೊಂಡ ಮತ್ತು ಉತ್ಕರ್ಷಣಗೊಂಡ ಎರಡೂ ರೂಪಗಳು ಲೈಗೇಸ್-4ನ ಮೂಲಕವೇ ಕೋಶಗಳನ್ನು ಸಾಯಿಸುತ್ತವೆ ಎಂದು ವಾದಿಸಿತು. ವಿವಾದ ಪೂರ್ತಿ ತಣ್ಣಗಾಯಿತು ಎನ್ನಲಾಗದು. ಈ ಜಗಳದಿಂದ ಒಂದಂತೂ ಸ್ಪಷ್ಟವಾಯಿತು: ಎರಡು ಹೈಡ್ರೋಜನ್ ಪರಮಾಣುಗಳ ವ್ಯತ್ಯಾಸ ತಿಳಿಯದೆ ಪ್ರಪಂಚದ ಎಷ್ಟೋ ಪ್ರಯೋಗಾಲಯಗಳು ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತು ಬಳಸಿದ್ದವು.

‘ಇಲ್ಲೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕ್ಯಾನ್ಸರಿಗೆ ಔಷಧ ಕಂಡುಹಿಡಿದಿದ್ದಾರಂತಲ್ಲ, ನಮಗೆ ಸಿಗುತ್ತಾ?’ ಎಂದು, ಭಾರತೀಯ ವಿಜ್ಞಾನ ಸಂಸ್ಥೆಯನ್ನು ಊರಿನ ರೂಢಿಯ ಹೆಸರಿನಿಂದ ಕರೆದು, ಕೇಳುವವರು ಇನ್ನೂ ಇದ್ದಾರೆ. ಸಿಗುವುದಿಲ್ಲ. ಎಸ್‌ಸಿಆರ್7 ಮನುಷ್ಯರಿಗೆ ಕೊಡುವ ಔಷಧವಾಗಿಲ್ಲ, ಪ್ರಯೋಗಾಲಯದ ಸಾಧನವಾಗಿ ಉಳಿದಿದೆ. ಮಿದುಳಿನ ಗಡ್ಡೆಗೆಂದು ಅದನ್ನು ರೂಪಿಸಿದ್ದೂ ಅಲ್ಲ. ಪತ್ರಿಕೆಗಳ ತಲೆಬರಹದಿಂದ ಆಸ್ಪತ್ರೆಯ ಔಷಧದಂಗಡಿವರೆಗಿನ ದೂರವನ್ನು ನಮ್ಮ ಮಾಧ್ಯಮಗಳು ಸರಿಯಾಗಿ ಅಳೆದು ಹೇಳಿದ್ದು ಕಡಿಮೆ. ಆದರೂ ಇಲ್ಲಿ ಹುಟ್ಟಿದ ಅಣುವೊಂದು ಕ್ಷೇತ್ರದ ಗಮನವನ್ನು ಲೈಗೇಸ್-4ನತ್ತ ಸೆಳೆಯಿತು ಎಂಬುದು ಸಣ್ಣ ಮಾತಲ್ಲ.

ಎಚ್ಚರಿಕೆಯ ಗಂಟೆಯನ್ನೇ ನಿಲ್ಲಿಸುವವರು

ಬೆಸುಗೆಯ ಬದಲು, ಡಿಎನ್ಎ ತುಂಡಾದಾಗ ಸುದ್ದಿ ಸಾರುವ ಕಿಣ್ವಗಳನ್ನು ತಡೆಯುವವರೂ ಇದ್ದಾರೆ. ಎಟಿಎಂ, ಡಿಎನ್ಎ-ಪಿಕೆ ಇವು ಅಂಥ ಕಿಣ್ವಗಳು. 2006ರಲ್ಲಿ ಜೆರೆಮಿ ರಿಚ್ ತಂಡ ಗ್ಲಿಯೊಬ್ಲಾಸ್ಟೋಮದೊಳಗಿನ ಮೂಲಕೋಶಗಳಂಥ ಕೋಶಗಳು ಈ ಎಚ್ಚರಿಕೆಯನ್ನು ಬೇಗ ಬಾರಿಸಿ ರೇಡಿಯೇಶನ್ನಿನಿಂದ ತಪ್ಪಿಸಿಕೊಳ್ಳುತ್ತವೆ ಎಂದು ತೋರಿಸಿದ ಮೇಲೆ ಈ ದಾರಿಗೆ ಬಲ ಬಂತು. ಎಝಡ್‌ಡಿ1390 ಎಂಬ ಎಟಿಎಂ ತಡೆಯನ್ನು ಮಿದುಳಿಗೆ ಹೋಗುವಂತೆಯೇ ಕೆತ್ತಲಾಗಿದೆ, 2018ರಲ್ಲಿ ಅದರ ಮೊದಲ ವಿವರ ಪ್ರಕಟವಾಯಿತು. ಪೆಪೊಸರ್ಟಿಬ್ ಎಂಬುದು ಡಿಎನ್ಎ-ಪಿಕೆಯ ತಡೆ. ಇವೆರಡನ್ನೂ ರೇಡಿಯೇಶನ್ ಜೊತೆ ಮೊದಲ ಹಂತದ ಪ್ರಯೋಗಗಳಲ್ಲಿ ನೋಡಿದ್ದಾರೆ. ರೇಡಿಯೇಶನ್ನನ್ನು ಗಡ್ಡೆಯ ಜಾಗಕ್ಕೆ ಗುರಿಯಿಡಬಹುದಾದ್ದರಿಂದ ಅಸ್ಥಿಮಜ್ಜೆ ಬದುಕಿಕೊಳ್ಳುತ್ತದೆ ಎಂಬುದು ಇವರ ಬಲವಾದ ವಾದ.

ತಡೆಯಬೇಡಿ, ಇಲ್ಲದ್ದನ್ನು ಹುಡುಕಿ

ಎಲ್ಲ ದುರಸ್ತಿಯೂ ಗಡ್ಡೆಯ ಸ್ನೇಹಿತನಲ್ಲ. ಟೆಮೊಜೊಲೊಮೈಡ್ ಅಂಟಿಸಿದ ಗ್ವಾನಿನ್ನಿನ ಎದುರು ಕೋಶ ತಪ್ಪು ಅಕ್ಷರ ಬರೆಯುತ್ತದೆ. ತಪ್ಪು ತಿದ್ದುವ ವ್ಯವಸ್ಥೆ ಬಂದು ಆ ಅಕ್ಷರವನ್ನು ಕತ್ತರಿಸುತ್ತದೆ, ಆದರೆ ಅಂಟು ಹಾಗೇ ಉಳಿದಿರುವುದರಿಂದ ಮತ್ತೆ ತಪ್ಪೇ ಬರುತ್ತದೆ. ಕತ್ತರಿಸಿ ಬರೆದು, ಕತ್ತರಿಸಿ ಬರೆದು, ಕೊನೆಗೆ ಎಳೆಯೇ ತುಂಡಾಗಿ ಕೋಶ ಸಾಯುತ್ತದೆ. ಅಂದರೆ ಇಲ್ಲಿ ಕೊಲ್ಲುವುದು ದುರಸ್ತಿಯೇ. ಈ ತಿದ್ದುವ ವ್ಯವಸ್ಥೆಯನ್ನೇ ಕಳೆದುಕೊಂಡ ಗಡ್ಡೆ ಮಾತ್ರೆಗೆ ಜಗ್ಗದೆ ಸಾವಿರಾರು ಹೊಸ ರೂಪಾಂತರಗಳೊಂದಿಗೆ ಮರಳುತ್ತದೆ. ಯಾವ ದುರಸ್ತಿ ತಡೆಯಬೇಕು, ಯಾವುದನ್ನು ಕಾಪಾಡಬೇಕು ಎಂಬುದರಲ್ಲಿ ಎಚ್ಚರ ತಪ್ಪಿದರೆ ಔಷಧವೇ ಗಡ್ಡೆಗೆ ನೆರವಾದೀತು.

ಯೇಲ್ ವಿಶ್ವವಿದ್ಯಾಲಯದ ರಂಜಿತ್ ಬಿಂದ್ರಾ ಮತ್ತು ಸೇಥ್ ಹೆರ್ಜನ್ ಇದರಿಂದ ಬೇರೆಯೇ ದಾರಿ ತೆಗೆದರು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದ ಅವರ ಕೆಎಲ್-50 ಅಣು ಅಂಟಿಸುವ ಗುಂಪು ನಿಧಾನವಾಗಿ ರೂಪ ಬದಲಿಸಿ ಎರಡು ಎಳೆಗಳನ್ನೂ ಒಂದಕ್ಕೊಂದು ಹೊಲಿದುಬಿಡುತ್ತದೆ. ಎಂಜಿಎಂಟಿ ಇರುವ ಆರೋಗ್ಯವಂತ ಕೋಶ ಅಷ್ಟರೊಳಗೆ ಅದನ್ನು ಕಿತ್ತು ಪಾರಾಗುತ್ತದೆ. ಎಂಜಿಎಂಟಿ ಇಲ್ಲದ ಗಡ್ಡೆ ಸಾಯುತ್ತದೆ, ತಿದ್ದುವ ವ್ಯವಸ್ಥೆ ಇರಲಿ ಬಿಡಲಿ. ಬಿಂದ್ರಾ ತಂಡವೇ 2017ರಲ್ಲಿ ಐಡಿಎಚ್ ಎಂಬ ಜೀನಿನ ರೂಪಾಂತರವಿರುವ ಗಡ್ಡೆಗಳಲ್ಲಿ ತಯಾರಾಗುವ ಒಂದು ರಾಸಾಯನಿಕ, ನೋಡಿ ಬರೆಯುವ ದುರಸ್ತಿಯನ್ನು ಕುಗ್ಗಿಸುತ್ತದೆ, ಹಾಗಾಗಿ ಅಲ್ಲಿ ಪಾರ್ಪ್ ತಡೆ ಫಲಿಸಬಹುದು ಎಂದು ತೋರಿಸಿತ್ತು.

ನನ್ನ ಒಲವು ಈ ಪಂಥದತ್ತ. ಮೈಗೆಲ್ಲ ಬೇಕಾದ ಕಿಣ್ವವನ್ನು ತಡೆದು ಆಮೇಲೆ ಮೈಯನ್ನು ಕಾಪಾಡಲು ಹೆಣಗುವ ಬದಲು, ಗಡ್ಡೆ ತಾನೇ ಕಳೆದುಕೊಂಡಿರುವುದನ್ನು ಹಿಡಿದು ಹೊಡೆಯುವುದು ಹೆಚ್ಚು ಮಿತವ್ಯಯದ ಯುದ್ಧ. ಆದರೆ ಇದು ರೋಗಿಗಳಲ್ಲಿ ಇನ್ನೂ ರುಜುವಾತಾಗಬೇಕಾದ ಮಾತು. ಜೊತೆಗೆ ಒಂದು ಕೊರತೆಯಿದೆ: ಎಂಜಿಎಂಟಿ ಚೆನ್ನಾಗಿರುವ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಎಲ್-50ರ ತರ್ಕದಲ್ಲಿ ಏನೂ ಇಲ್ಲ. ಯಾರಿಗೆ ಅಗತ್ಯ ಹೆಚ್ಚೋ ಅವರೇ ಹೊರಗುಳಿಯುತ್ತಾರೆ.

ಮಿದುಳಿನದೇ ತಕರಾರು

ಬೇರೆ ಅಂಗದ ಕ್ಯಾನ್ಸರಿನಲ್ಲಿ ಕಾಡದ ಪ್ರಶ್ನೆಯೊಂದು ಇಲ್ಲಿದೆ. ನರಕೋಶಗಳು ಇಬ್ಭಾಗವಾಗುವುದಿಲ್ಲ. ಹಾಗಾಗಿ ಪ್ರತಿ ನೋಡಿ ಬರೆಯುವ ಅವಕಾಶ ಅವಕ್ಕಿಲ್ಲ. ಎರಡೂ ಎಳೆ ತುಂಡಾದರೆ ತುದಿಗಳನ್ನು ಬೆಸೆಯುವುದೇ ಗತಿ. ಲೈಗೇಸ್-4 ಹುಟ್ಟಿನಿಂದ ಕೆಟ್ಟಿರುವ ಮಕ್ಕಳಲ್ಲಿ ತಲೆ ಚಿಕ್ಕದಾಗಿರುತ್ತದೆ, ರೋಗನಿರೋಧಕ ಶಕ್ತಿ ಕುಂದಿರುತ್ತದೆ. ಎಟಿಎಂ ಕೆಟ್ಟವರಲ್ಲಿ ಕಿರುಮಿದುಳು ಸವೆದು ನಡಿಗೆ ತಪ್ಪುತ್ತದೆ, ಮಾಮೂಲಿ ಡೋಸಿನ ರೇಡಿಯೇಶನ್ನನ್ನೂ ಅವರ ಮೈ ತಡೆಯದು. ಆರು ವಾರದ ತಡೆಗೂ ಹುಟ್ಟಿನಿಂದ ಬಂದ ಕೊರತೆಗೂ ಅಂತರವಿದೆ, ನಿಜ. ಆದರೂ ಗಡ್ಡೆಯ ಸುತ್ತ ಇರುವುದು ಮಾತು, ನೆನಪು, ಕೈಕಾಲಿನ ಹಿಡಿತ. ವಾದದ ಮಟ್ಟದಲ್ಲಿ, ಇಬ್ಭಾಗವಾಗುವ ಕೋಶಗಳನ್ನೇ ಹೆಚ್ಚು ಬಾಧಿಸುವ ಪಾರ್ಪ್ ತಡೆಗಳು ಮಿದುಳಿಗೆ ಹೆಚ್ಚು ಸುರಕ್ಷಿತ, ಬೆಸುಗೆ ತಡೆಗಳು ಹೆಚ್ಚು ಅಪಾಯಕಾರಿ. ರಕ್ತತಡೆಯನ್ನು ದಾಟಲು ಔಷಧವನ್ನು ಎಷ್ಟು ಜಾಣತನದಿಂದ ಕೆತ್ತುತ್ತೇವೋ ಅಷ್ಟೂ ಈ ಅಪಾಯ ಹೆಚ್ಚುತ್ತದೆ.

ಇನ್ನೂ ಬಗೆಹರಿಯದ್ದು

ಎಂಜಿಎಂಟಿ ಸ್ವಿಚ್ಚು ಆರಿದೆ ಎನ್ನಲು ಎಷ್ಟು ಮೀಥೈಲ್ ಇರಬೇಕು? ಪರೀಕ್ಷೆಯ ವಿಧಾನಕ್ಕೊಂದು ಗಡಿರೇಖೆ ಇದೆ, ನಡುವೆ ಬೂದು ಪಟ್ಟಿ ಇದೆ. ಮೇಲೆ ಹೇಳಿದ ದೊಡ್ಡ ಪ್ರಯೋಗಗಳೆಲ್ಲ ಯುರೋಪ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಕಡೆಯವು. ನಮ್ಮವರ ಗಡ್ಡೆಗಳನ್ನು ನಮ್ಮಲ್ಲೇ ಓದುವ ಕೆಲಸ ನಿಮ್ಹಾನ್ಸ್‌ನ ವಾಣಿ ಸಂತೋಷ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರ ತಂಡಗಳು ಸೇರಿ ವರ್ಷಗಳಿಂದ ಮಾಡಿವೆ. 2013ರಲ್ಲಿ ಗ್ಲಿಯೊಬ್ಲಾಸ್ಟೋಮ ರೋಗಿಗಳ ಮುಂದಿನ ದಾರಿಯನ್ನು ಅಂದಾಜಿಸುವ 14 ಜೀನುಗಳ ಗುರುತೊಂದು ಹೀಗೆ ಬಂತು. ಅಂಥ ಗುರುತುಗಳಿಂದ ದುರಸ್ತಿ ತಡೆಯುವ ಮದ್ದು ಯಾರಿಗೆ ಫಲಿಸೀತೆಂದು ಹೇಳಬಹುದೇ ಎಂಬುದು ತೆರೆದ ಪ್ರಶ್ನೆ.

ಐಡಿಎಚ್ ವಿಚಾರದಲ್ಲಿ ಎರಡು ಒಳ್ಳೆಯ ಯೋಚನೆಗಳು ಒಂದಕ್ಕೊಂದು ಅಡ್ಡ ಬಂದಿವೆ. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವೊರಾಸಿಡೆನಿಬ್, ಆ ರೂಪಾಂತರದಿಂದ ಹುಟ್ಟುವ ರಾಸಾಯನಿಕವನ್ನು ನಿಲ್ಲಿಸಿ ನಿಧಾನಗತಿಯ ಗಡ್ಡೆಗಳನ್ನು ಹಿಡಿದಿಡುತ್ತದೆ. ಪಾರ್ಪ್ ತಡೆಗೆ ಅದೇ ರಾಸಾಯನಿಕ ಇದ್ದರೆ ಅನುಕೂಲ. ಒಂದನ್ನು ಕೊಟ್ಟ ಮೇಲೆ ಇನ್ನೊಂದಕ್ಕೆ ಜಾಗ ಉಳಿಯುತ್ತದೆಯೇ, ಯಾವುದು ಮೊದಲು ಎಂಬುದರಲ್ಲಿ ಒಮ್ಮತವಿಲ್ಲ.

ತಡೆ ಔಷಧವನ್ನು ರೇಡಿಯೇಶನ್ನಿಗೆ ಎಷ್ಟು ಗಂಟೆ ಮೊದಲು ಕೊಡಬೇಕು, ಎಷ್ಟು ದಿನಕ್ಕೆ ನಿಲ್ಲಿಸಬೇಕು ಎಂಬ ಲೆಕ್ಕವೂ ಕೂಡಿ ಬಂದಿಲ್ಲ. ಎರಡು ಮೂರು ವರ್ಷ ಬದುಕಿದವರ ನೆನಪಿನ ಶಕ್ತಿ ಏನಾಗುತ್ತದೆ ಎಂಬುದನ್ನು ಅಳೆಯಲು ಅಷ್ಟು ವರ್ಷ ಕಾಯಬೇಕು.

ಡೇರಿ ಸರ್ಕಲ್ ಸುತ್ತಮುತ್ತ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗಬೇಕಾದ ಪ್ರಶ್ನೆಗೆ ಹೊಸ ಅಣುವೇ ಬೇಕಿಲ್ಲ. ಎಂಜಿಎಂಟಿ ಸ್ವಿಚ್ಚು ಆರದ ರೋಗಿಗೆ, ವಯಸ್ಸು ಎಪ್ಪತ್ತು ದಾಟಿದ್ದರೆ, ಟೆಮೊಜೊಲೊಮೈಡ್ ಕೊಡಬೇಕೇ? ಕೊಟ್ಟರೆ ಸಿಗುವುದು ಕೆಲವು ವಾರ, ತೆರಬೇಕಾದದ್ದು ಸುಸ್ತು, ವಾರವಾರದ ರಕ್ತ ಪರೀಕ್ಷೆ, ದುಡ್ಡು. ಬದಲಿಗೆ ಕೊಡಲು ಗಟ್ಟಿಯಾದದ್ದು ಬೇರೆ ಇಲ್ಲದ ಕಾರಣ ಬಹಳ ವೈದ್ಯರು ಕೊಡುತ್ತಾರೆ, ಕೆಲವರು ರೇಡಿಯೇಶನ್ನಿಗೇ ನಿಲ್ಲಿಸುತ್ತಾರೆ. ಅಂಡಾಶಯದ ಕ್ಯಾನ್ಸರಿಗೆಂದು ಅಂಗಡಿಯಲ್ಲಿ ಸಿಗುವ ಪಾರ್ಪ್ ಮಾತ್ರೆಯನ್ನು ಮಿದುಳಿನ ಗಡ್ಡೆಗೂ ಬರೆದುಕೊಡಿ ಎಂದು ಓದಿಕೊಂಡು ಬಂದ ಮಕ್ಕಳು ಕೇಳುವುದೂ ಉಂಟು. ನಿರಾಪರಿಬ್ ಪ್ರಯೋಗದ ಅಂಕಿಗಳು ಬರುವವರೆಗೆ ಈ ಕೋರಿಕೆಗೆ ಹೌದು ಎನ್ನುವ ವೈದ್ಯರಿಗೂ ಬೇಡ ಎನ್ನುವವರಿಗೂ ಇರುವ ಆಧಾರ ಒಂದೇ: ಗಡ್ಡೆಯೊಳಗೆ ಔಷಧ ತಲುಪುತ್ತದೆ ಎಂಬುದು ಗೊತ್ತಾಗಿದೆ, ತಲುಪಿದ ಮೇಲೆ ಆಯಸ್ಸು ಹೆಚ್ಚುತ್ತದೆ ಎಂಬುದು ಗೊತ್ತಾಗಿಲ್ಲ.